ತಗಡಿನ ಮೇಲೆ ನಿಂತ ಪಂಜರ

ಆ ಮಾತು ಆಡಿದ್ದು ನೀವಲ್ಲ, ಗುರುಮಲ್ಲಪ್ಪಣ್ಣ. ನಾನು. ನಿಮ್ಮ ದನಿಯಲ್ಲಿ ಆಡಿದೆ, ಅಷ್ಟೇ.

ಗುಂಡ್ಲುಪೇಟೆಯ ನಿಮ್ಮ ಗಾಡಿ ರಿಪೇರಿ ಶೆಡ್ಡಿನಲ್ಲಿ ನೀವು ನನ್ನನ್ನು ಇಟ್ಟುಕೊಂಡಿದ್ದು ಕೆಲಸಕ್ಕಲ್ಲ, ಬಾಯಿಗೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಊಟಿ ಬಸ್ಸಿನ ಕಂಡಕ್ಟರ್, ಕೇರಳದ ತರಕಾರಿ ವ್ಯಾಪಾರಿ, ಕೆಟ್ಟುನಿಂತ ಟ್ರ್ಯಾಕ್ಟರ್— ಯಾರ ದನಿಯನ್ನೂ ನಾನು ಬಿಟ್ಟವನಲ್ಲ. ನನ್ನದನ್ನೂ ಅಣಕಿಸಿಕೊಳ್ಳುತ್ತಿದ್ದೆ. ಕನ್ನಡಿ ಮುಂದೆ ತಲೆ ಬಾಚುವಾಗ ನಾನು ಎಳೆಯುವ ರಾಗ ಕೇಳಿ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಿರಿ. ನಿಮ್ಮ ದನಿ ಎಲ್ಲಕ್ಕಿಂತ ಸುಲಭ. ಕೆಲಸ ಹೇಳುವ ಮುಂಚೆ ಸ್ಪ್ಯಾನರಿನಿಂದ ಪೈಪಿಗೆ ಬಡಿದು, ಸದ್ದು ಆರುವವರೆಗೆ ಕಿವಿಗೊಟ್ಟು ನಿಂತು, ಆಮೇಲೆ ಮೂಗಿನಲ್ಲಿ ಮಾತು.

ಹರವೆಯ ಪ್ರಭು ತನ್ನ ಜೀಪನ್ನು ಕಲ್ಲುಗುಡ್ಡ ಹತ್ತಿಸುವ ಸ್ಪರ್ಧೆಗೆ ಸಿದ್ಧಪಡಿಸಲು ತಂದ. ಅದಕ್ಕೊಂದು ರೋಲ್ ಕೇಜ್ ಬೇಕಿತ್ತು— ಗಾಡಿ ಮಗುಚಿದರೆ ಒಳಗಿದ್ದವರ ತಲೆ ಕಾಯುವ ಪೈಪಿನ ಪಂಜರ. ಅದರ ನಕ್ಷೆ ನಾನೇ ಬರೆಯುತ್ತೇನೆಂದೆ. ಕಟ್ಟುವ ತಂತಿ ಬಗ್ಗಿಸಿ ಪುಟ್ಟ ಮಾದರಿಯನ್ನೂ ಮಾಡಿ ತೋರಿಸಿದೆ.

"ಪಸಂದಾಗಿ ಅದೆ ಕಣ್ಲಾ," ಎಂದಿರಿ. "ಆದ್ರೆ ಕಾಲೆಲ್ಲ ಚಾಸಿಗೇ ಕೂರ್ಬೇಕು. ತಗಡ್ಗಲ್ಲ."

ಅಳತೆ ತೆಗೆಯುವಾಗ ನಾನು ಮೇಲಿನ ಬಾಡಿಯ ಅಗಲ ಹಿಡಿದಿದ್ದೆ. ಅಡಿಯಲ್ಲಿ ಭಾರ ಹೊರುವ ಉಕ್ಕಿನ ಚೌಕಟ್ಟು, ಚಾಸಿ, ಅದಕ್ಕಿಂತ ಒಳಗಿರುತ್ತದೆ ಎಂಬುದು ಪೈಪೆಲ್ಲ ಬಗ್ಗಿಸಿ ಮುಗಿದ ಮೇಲೆ ಕಣ್ಣಿಗೆ ಬಿತ್ತು. ಹಿಂದಿನ ಕಾಲುಗಳು ಬರಿಯ ತಗಡಿನ ಮೇಲೆ ಬಂದು ನಿಂತವು. ನಿಮಗೆ ಹೇಳಿದ್ದರೆ ಬೈದು, ಚಾಸಿಯಿಂದ ಆಸರೆ ಕೊಡಿಸಿ ಸರಿಮಾಡಿಸುತ್ತಿದ್ದಿರಿ. ಆದರೆ ಎಲ್ಲರನ್ನೂ ನೋಡಿ ನಗುವವನು ನಾನು— ನನ್ನನ್ನು ನೋಡಿ ಇಡೀ ಶೆಡ್ಡು ನಗುವುದೆಂದರೆ...

ನೀವು ಟೀಗೆ ಹೋಗಿದ್ದಿರಿ. ವೆಲ್ಡರ್ ಶಿವು ಜೀಪಿನ ಅಡಿಯಲ್ಲಿ ಮಲಗಿದ್ದ. ನಾನು ಪೈಪಿಗೆ ಬಡಿದೆ. ಸದ್ದು ಆರಲೆಂದು ಕಾದೆ.

"ಹಿಂದ್ಲ ಕಾಲ ತಗಡ್ನ ಮೇಲೇ ನಿಲ್ಸ್ಬುಡ್ಲಾ ಶಿವು. ಚಾಸಿ ತಂಟೆ ಬ್ಯಾಡ."

"ಆಯ್ತಣ್ಣ," ಎಂದ ಅಡಿಯಿಂದಲೇ. ನಿಮ್ಮ ಕಣ್ಣಿಗೆ ಬೀಳದಂತೆ ಬೆಸುಗೆಯ ಮೇಲೆ ಬಣ್ಣ ಬಳಿದು, ಮ್ಯಾಟ್ ಹಾಸಿದವನು ನಾನು.

ಸ್ಪರ್ಧೆಯ ದಿನ, ತೆರಕಣಾಂಬಿ ಕಡೆಯ ಹಳೆಯ ಕ್ವಾರಿಯಲ್ಲಿ ಪ್ರಭು ಹತ್ತಿಸುತ್ತಿದ್ದ ಜೀಪು ಹಿಮ್ಮುಖವಾಗಿ ಜಾರಿ ಮಗುಚಿತು. ಪಂಜರದ ಒಂದು ಪೈಪೂ ಬಗ್ಗಲಿಲ್ಲ— ನಕ್ಷೆ ಅಷ್ಟು ಚೆನ್ನಾಗಿತ್ತು. ಕಾಲುಗಳು ಮಾತ್ರ ತಗಡನ್ನು ಹರಿದುಕೊಂಡು ಕುಸಿದವು. ಪಂಜರ ಪ್ರಭುವಿನ ಹೆಗಲ ಮೇಲೆ ಕುಳಿತಿತು. ಅವನ ಬಲಗೈ ಇವತ್ತಿಗೂ ಅನ್ನದ ತುತ್ತನ್ನು ಬಾಯಿವರೆಗೆ ತರುವುದಿಲ್ಲ.

"ತಗಡ್ಗೆ ಯಾಕ್ಲಾ ನಿಲ್ಸ್ದೆ?" ಎಂದು ನೀವು ಶಿವುವನ್ನು ಕೇಳಿದಿರಿ.

"ನೀವೇ ಅಂದ್ರಲ್ಲಣ್ಣ."

"ನಾನಾ?"

ಎಲ್ಲರ ಮುಖ ನೋಡಿದಿರಿ. ನನ್ನದನ್ನೂ. ನಾನು ನೆಲ ನೋಡುತ್ತಿದ್ದೆ. ಕೊನೆಗೆ, "ಅಂದಿರ್ಬೇಕು ಬುಡು," ಎಂದಿರಿ.

ಅಲ್ಲಿಗೆ ನಿಂತಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಆದರೆ ನಿಮಗೆ ನೆನಪು ಬರತೊಡಗಿತು. ಮೊದಲು ಮಾತು. ಆಮೇಲೆ ಕೈಯಲ್ಲಿದ್ದ ಟೀ ಲೋಟ. ಆಮೇಲೆ ಜೀಪಿನ ಬಾನೆಟ್ಟಿನ ಮೇಲೊಂದು ಕಾಗೆ ಕೂತಿತ್ತಂತೆ, ನೀವು ಮಾತು ಮುಗಿಸಿದ ಕೂಡಲೇ ಹಾರಿತಂತೆ. ಅಣ್ಣ, ಅಲ್ಲಿ ಇದ್ದವನು ನಾನು. ಕಾಗೆ ಇರಲಿಲ್ಲ.

ಮತ್ತೊಂದು. 'ತಂಟೆ ಬ್ಯಾಡ' ಎಂಬುದು ನಿಮ್ಮ ಮಾತೇ ಅಲ್ಲ. ನೀವು ಅನ್ನುವುದು 'ಸವಾಸ ಬ್ಯಾಡ'. ಅಣಕಿಸುವ ಅವಸರದಲ್ಲಿ ನನ್ನದೊಂದು ಮಾತು ನುಸುಳಿತ್ತು. ಈಗ ಆ ಕತೆ ಹೇಳುವಾಗಲೆಲ್ಲ ನೀವೂ 'ತಂಟೆ ಬ್ಯಾಡ' ಎನ್ನುತ್ತೀರಿ— ನನ್ನದೇ ರಾಗದಲ್ಲಿ. ಮೊದಲ ಸಲ ಕೇಳಿದಾಗ ನೀವು ನನ್ನನ್ನು ಅಣಕಿಸುತ್ತಿದ್ದೀರಿ ಅಂದುಕೊಂಡೆ. ಮುಖದಲ್ಲಿ ನಗುವಿರಲಿಲ್ಲ.

ನೀವು ಸ್ಪ್ಯಾನರ್ ಕೆಳಗಿಟ್ಟಿರಿ, ಮತ್ತೆ ಮುಟ್ಟಲಿಲ್ಲ. ಮರೆವಿಗೆ ಮದ್ದು ಕೇಳಲು ಚಾಮರಾಜನಗರದ ಡಾಕ್ಟರ ಹತ್ತಿರ ಹೋದಾಗ ಬೈಕು ಓಡಿಸಿದವನೂ ನಾನೇ.

ಹೋದ ವಾರ ನಿಮ್ಮ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ನೀವು ನನ್ನ ಬೆನ್ನು ಸವರಿದಿರಿ.

"ನನ್ ಉಳ್ಸಾಕೆ ಸುಳ್ ಕಟ್ಬ್ಯಾಡ ಕಣ್ಲಾ. ನಂಗೇ ಗ್ಯಾಪ್ಕ ಅದೆ."

ಬೇರೆ ದಾರಿ ತೋಚಲಿಲ್ಲ. ನಿಮ್ಮೆದುರೇ, ನಿಮ್ಮ ದನಿಯಲ್ಲಿ, ಆ ಮಾತನ್ನು ಇನ್ನೊಮ್ಮೆ ಆಡಿದೆ.

ಅಡುಗೆಮನೆಯಿಂದ ನಿಮ್ಮ ಹೆಂಡತಿ ನಿಮಗೇ ಕೂಗಿ ಹೇಳಿದರು: "ಇನ್ನೂ ಅದ್ನೇ ಯಾಕ್ ಜಪ ಮಾಡೀರಿ, ಬುಡಿ ಅತ್ಲಾಗೆ."

ನಿಮ್ಮ ತುಟಿ ಮುಚ್ಚಿತ್ತು. ಅಡುಗೆಮನೆಯ ಬಾಗಿಲು ನೋಡಿದಿರಿ. ಆಮೇಲೆ ನನ್ನ ಬಾಯಿ ನೋಡಿದಿರಿ, ತುಂಬ ಹೊತ್ತು. ಬೈಯುತ್ತೀರಿ, ಹೊಡೆಯುತ್ತೀರಿ ಎಂದುಕೊಂಡಿದ್ದೆ. ನೀವು ಮೆಲ್ಲಗೆ ಕೇಳಿದಿರಿ—

"ಹಂಗಾದ್ರೆ ನಾನ್ ಆಡಿದ್ ಯಾವ್ದ್ಲಾ? ನೀ ಆಡಿದ್ ಯಾವ್ದು?"

ಶಿವುಗೆ ಹೇಳಿದ್ದೇನೆ. ಪ್ರಭುವಿನ ಮನೆಯಲ್ಲಿ, ಅವನ ತಾಯಿಯ ಮುಂದೆಯೂ ಹೇಳಿದ್ದೇನೆ. ಆಕೆ ಬಾಗಿಲು ತೋರಿಸಿದರು. ಉಳಿದಿರುವುದು ನಿಮ್ಮ ಪ್ರಶ್ನೆ. ನಗಿಸಲೆಂದು ನಿಮ್ಮ ದನಿಯಲ್ಲಿ ಆ ಶೆಡ್ಡಿನಲ್ಲಿ ನಾನು ಆಡಿದ್ದು ಒಂದೆರಡು ಮಾತಲ್ಲ. ಒಂದೊಂದನ್ನೇ ನೆನೆದು, ಬೇರೆ ಮಾಡಿ ನಿಮಗೆ ಒಪ್ಪಿಸೋಣವೆಂದು ಕುಳಿತಿದ್ದೇನೆ. ಕಣ್ಣು ಮುಚ್ಚಿದರೆ ಆ ದನಿ ಚೆನ್ನಾಗಿಯೇ ಕೇಳಿಸುತ್ತದೆ, ಅಣ್ಣ. ಆಡುತ್ತಿರುವವರು ಯಾರೆಂದು ನನಗೂ ತಿಳಿಯುತ್ತಿಲ್ಲ.