ತಲೆಬರಹವಿಲ್ಲದ ಹಾಳೆ

ಅವರ ಎಡಗೈ ಹೆಬ್ಬೆರಳಿನ ಉಗುರಿನ ಸುತ್ತ ನೇರಳೆ ಬಣ್ಣ ಕೂತೇ ಇರುತ್ತಿತ್ತು. ಮನಿಯಾರ್ಡರ್ ಪಡೆಯುವ ಅಜ್ಜಿಯರ ಬೆರಳು ಹಿಡಿದು ಶಾಯಿಗೆ ಒತ್ತಿ ಒತ್ತಿ ಬಂದದ್ದು. ನಿವೃತ್ತರಾಗಿ ವರ್ಷ ಕಳೆದ ಮೇಲೆಯೇ ಅದು ಪೂರ್ತಿ ಹೋಯಿತು.

ನಮ್ಮ ಪಕ್ಕದ ಮನೆಯವರು, ಊರಿಗೆಲ್ಲ ಪೋಸ್ಟಣ್ಣ. ರಿಜಿಸ್ಟರ್ ಕಾಗದ ತಂದರೆ ಸಹಿಗೆ ಮೊದಲು ಲಕೋಟೆಯ ನಾಲ್ಕೂ ಮೂಲೆ ತೋರಿಸುವರು. ಹರಿದಿದ್ದರೆ, ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಬಿಡದೆ, 'ಹರಿದದ್ದು ಬಂದಿದೆ' ಎಂದು ಪಕ್ಕದಲ್ಲಿ ಬರೆಸುವರು. "ಸೈ ಮಾತಾಡಲ್ಲ ತಂಗಿ. ಅದರ ಮಾತು ನಾವೇ ಪಕ್ಕದಾಗೆ ಬರೀಬೇಕು."

ಹೊನ್ನಾಳಿ ರಸ್ತೆಯ ಅಂಚಿನ ನಮ್ಮ ಹೊಲಗಳನ್ನು ಯಾವುದೋ ಕಾರ್ಖಾನೆಗೆಂದು ಸರ್ಕಾರ ತೆಗೆದುಕೊಳ್ಳುತ್ತದೆ ಎಂದು ನೋಟಿಸು ಬಂತು. ನನ್ನ ಹೆಸರಿನದು ಒಂದೆಕರೆ, ಪಕ್ಕದಲ್ಲೇ ಅವರದು ಎರಡು. ಶಾಲೆಯ ಅಂಗಳದಲ್ಲಿ ಅಧಿಕಾರಿಗಳು ಸಭೆ ಕರೆದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದ ಹಿಂದೆಯೇ ಒಂದು ಹಾಳೆ ಬಂತು. ಎಣ್ಣೆಗೈ ಸೆರಗಿಗೆ ಒರೆಸಿಕೊಂಡು ನಾನೂ ಸಹಿ ಹಾಕಿದೆ.

ಪೋಸ್ಟಣ್ಣ ಕನ್ನಡಕ ಏರಿಸಿದರು. "ಮ್ಯಾಲೆ ಖಾಲಿ ಐತಲ್ಲ ಸಾಹೇಬ್ರೆ?"

"ಬರೀ ಹಾಜರಿ, ಯಜಮಾನ್ರೆ."

"ಹಂಗಾದ್ರೆ ಹಾಜರಿ ಅಂತ ಬರೀರಿ."

"ಆಮ್ಯಾಲೆ ಬರಿತೀವಿ. ಮೆಣಸಿನಕಾಯಿ ತಿನ್ರೀ, ಆರೋಗ್ತವೆ."

"ಹಲ್ಲು ಹೋಗ್ಯಾವೆ, ಕಣ್ಣು ಅದಾವೆ" ಎಂದವರೇ ತಮ್ಮ ಸಹಿಯ ಪಕ್ಕ ಬರೆದರು: ಬಂದಿದ್ದೇನೆ, ಒಪ್ಪಿಲ್ಲ.

ತಿಂಗಳೊಳಗೆ ಆ ಹಾಳೆಯ ತಲೆಯ ಮೇಲೆ 'ಒಪ್ಪಿಗೆ ನೀಡಿದವರು' ಎಂದು ಬಂದಿತ್ತು. ನಾನು ಅತ್ತುಬಿಟ್ಟೆ. ಪೋಸ್ಟಣ್ಣ ಸಮಾಧಾನ ಹೇಳಲಿಲ್ಲ, ಬಯ್ಯಲೂ ಇಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ಎಲ್ಲರಿಂದ ತಕರಾರು ಅರ್ಜಿ ಬರೆಸಿದರು. ಕಚೇರಿಯಲ್ಲಿ ಮೊಹರು ಬೀಳುವ ತನಕ ಬೆಂಚು ಬಿಡಲಿಲ್ಲ. ಹಿಂದೊಮ್ಮೆ ಕಾಲುವೆಗೆ ತಾವಾಗಿ ಜಾಗ ಬಿಟ್ಟವರು ಅವರು. ಈಗ ಯಾಕೆ ಒಪ್ಪಲಿಲ್ಲ ಎಂದು ಕೇಳಿದ್ದಕ್ಕೆ, "ನೀರು ಎಲ್ರಿಗೂ ಬಂತು. ಇದು ಒಬ್ಬ ಸಾವ್ಕಾರನ ಫ್ಯಾಕ್ಟ್ರಿ. ಅವನೇ ಬಂದು ಕೇಳ್ಲಿ, ಕೊಡೋದು ಬಿಡೋದು ನಮ್ಮಿಷ್ಟ. ನಮ್ಮದನ್ನ ಕಿತ್ತು ಅವನಿಗೆ ಕೊಡಾಕೆ ಸರ್ಕಾರ ಯಾಕೆ ಬರ್ಬೇಕು?" ಎಂದರು.

ವಿಚಾರಣೆಯ ದಿನ ಗೊತ್ತಾಗುವ ಮೊದಲೇ, ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ.

ಎರಡನೇ ಸಭೆಯ ಹಾಳೆಯಲ್ಲಿ 'ಹಾಜರಿ' ಎಂದು ಅಚ್ಚಾಗಿತ್ತು. ಆದರೂ ನಾನು ಸಹಿಯ ಪಕ್ಕದಲ್ಲಿ ಪೋಸ್ಟಣ್ಣನ ಮಾತನ್ನೇ ಬರೆದೆ. ಹಾಳೆ ಸಾಲು ಸುತ್ತಿ ವಾಪಸು ಹೋಯಿತು. ಗುಮಾಸ್ತ ಕಣ್ಣಾಡಿಸಿ, "ಏನ್ರೀ, ಎಲ್ರೂ ಒಂದೇ ಮಾತು ಬರ್ದೀರಿ?" ಎಂದ.

"ಅಕ್ಷರ ಬ್ಯಾರೆ ಬ್ಯಾರೆ ಅದಾವೆ, ನೋಡ್ರಿ" ಎಂದೆ.

ಒಪ್ಪಿಗೆ ಸಾಲದೆಂದು ಕಡತ ನಿಂತಿದೆ. ಮೊನ್ನೆ ಬದುವಿನ ಮೇಲೆ ಹೋಗುವಾಗ ನೋಡಿದೆ, ಅವರ ಹೊಲದ ಮೆಕ್ಕೆಜೋಳ ತೆನೆಗೆ ಬಂದಿತ್ತು.