ಎಡಗೈ ಚಂದ್ರಿಕಾ

ಪಾಳ್ಯದ ಚಂದ್ರಿಕಾಳ ಎಡಗೈಗೆ ದುಂಡಗಿನದೇನು ಸಿಕ್ಕರೂ ಅದು ಬುಗುರಿಯಂತೆ ತಿರುಗಲೇಬೇಕಿತ್ತು. ಈರುಳ್ಳಿ ಹೆಚ್ಚಲು ಕೂರಿಸಿದರೆ ಗೋಡೆಗೆ ಸ್ಪಿನ್ ಹಾಕುತ್ತಿದ್ದಳು. ನಿಂಬೆಹಣ್ಣು ಆರಿಸಲು ನಿಂತರೆ ಅಂಗಡಿಯ ಸೋಮಯ್ಯ, "ಬುಡವ್ವ, ಹಣ್ಣಿಗೂ ತಲೆಸುತ್ತು ಬಂದ್ಬುಡ್ತೈತೆ" ಎನ್ನುತ್ತಿದ್ದ. ಕ್ರಿಕೆಟ್ ಆಡುವಾಗ ವಿಕೆಟ್ ಬಿದ್ದರೆ ನಗದವಳು ಸಿಕ್ಸರ್ ಹೊಡೆಸಿಕೊಂಡರೆ ನಗುತ್ತಿದ್ದಳು. "ಈಗ ಬ್ಯಾಟ್ ಹಿಡ್ದೋಳ್ಗೆ ಆಸೆ ಹತ್ತೈತೆ ಕಣವ್ವ, ಮುಂದಿನ್ ಬಾಲ್‌ಗೆ ಮುಂದಕ್ ಬಂದು ಔಟಾಗ್ತಾಳೆ" ಎಂದು ತಾಯಿ ಚಿನ್ನಮ್ಮನಿಗೆ ವಿವರಿಸುತ್ತಿದ್ದಳು. ಕಾಫಿ ಒಣಗಿಸುವ ಕಣದಲ್ಲಿ ಆಟ ಕಲಿತ ಅವಳಿಗೆ ರಾಜ್ಯ ತಂಡದ ಆಯ್ಕೆ ಪಂದ್ಯಕ್ಕೆ ಕರೆ ಬಂತು. ಅದೇ ವಾರ ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿ ಎಡಗೈ ಬೆರಳು ಮುರಿಯಿತು. ಮರುವರ್ಷ ಮತ್ತೆ ಕರೆದಾಗ ಬೆರಳೇನೋ ಕೂಡಿಕೊಂಡಿತ್ತು, ಧೈರ್ಯ ಕೂಡಿಕೊಂಡಿರಲಿಲ್ಲ. ಚಿನ್ನಮ್ಮನೇ ಬಸ್ಸು ಹತ್ತಿಸಿ ಕರೆತಂದಳು. ಆಮೇಲೆ ನೋಡಲಾರದೆ ಮೈದಾನದ ಅಂಚಿನಲ್ಲಿ ಕಣ್ಣು ಮುಚ್ಚಿ ಕುಳಿತಳು. ನಾಲ್ಕು ವಿಕೆಟ್ ಕಿತ್ತು, ತಂಡಕ್ಕೆ ಆಯ್ಕೆಯಾಗಿ ಬಂದ ಮಗಳನ್ನು ಅವಳು ಕೇಳಿದ್ದು ಒಂದೇ: "ಬೆರಳು ನೋಯ್ತೈತೇನೆ?" "ಇಲ್ಲ ಕಣವ್ವ, ಹೊಟ್ಟೆ ಹಸಿತೈತೆ." ಬೆಳಗಿನಿಂದ ಹನಿ ನೀರೂ ಕುಡಿಯದಿದ್ದ ಚಿನ್ನಮ್ಮ ಅಕ್ಕಿರೊಟ್ಟಿಯ ಗಂಟು ಬಿಚ್ಚಿ, ಮಗಳಿಗಿಂತ ಮೊದಲು ತಾನೇ ಒಂದು ತುತ್ತು ಬಾಯಿಗಿಟ್ಟುಕೊಂಡಳು.