ನಲ್ಲಿ ಕೊಡದವರೂ ಕಡ್ಡಿ ತಿಂಡಿಯೂ

ಬೂಸಾನಿನ ಯೊಂಗ್‌ಡೊ ದ್ವೀಪಕ್ಕೆ ಇನ್ನೂ ಬೆಳಕು ಹರಿದಿಲ್ಲ. ಹಡಗು ರಿಪೇರಿ ಅಂಗಳದ ಗೇಟಿನೆದುರು ಪ್ಯೊ ಬುನ್‌ರ್ಯೆ ತಮ್ಮ ತಳ್ಳುಗಾಡಿಯಲ್ಲಿ ಓಮುಕ್ ಮಡಚುತ್ತಿದ್ದಾರೆ. ಮೀನು ರುಬ್ಬಿ ಕರಿದ ತೆಳು ಹಾಳೆಯದು. ಮಡಿಕೆ ಮಡಿಕೆಯಾಗಿ ಬಿದಿರುಕಡ್ಡಿಗೆ ಚುಚ್ಚಿ, ಮೂಲಂಗಿ ಕುದಿಯುವ ಸಾರಿಗೆ ಇಳಿಬಿಡುತ್ತಾರೆ. ಎಪ್ಪತ್ತು ದಾಟಿದ ಕೈ ತಡವರಿಸುವುದಿಲ್ಲ. ಕಿವಿ ಮಾತ್ರ ಎಂದೋ ಹೋಗಿದೆ.

"ಚಿಕ್ಕಮ್ಮಾ, ಸಾರು ಸಮುದ್ರಕ್ಕಿಂತ ಉಪ್ಪು!" ವೆಲ್ಡರ್ ಗೊಂಗ್ ದೊಕ್‌ಸು ಕೂಗುತ್ತಾನೆ.

"ಹಂಗಾದ್ರೆ ಹೋಗಿ ಸಮುದ್ರನೇ ಕುಡಿ. ಅದೂ ಪುಕ್ಕಟೆ."

ಅವನು ಎರಡನೇ ಲೋಟ ಒಡ್ಡುತ್ತಾನೆ.

ಕಿವಿ ತಿಂದದ್ದು ಸುತ್ತಿಗೆ. ಗಂಡ ಸಮುದ್ರದ ಪಾಲಾದ ಮೇಲೆ ಬುನ್‌ರ್ಯೆ ತುಕ್ಕು ಕೆತ್ತುವ ಹೆಂಗಸರ ಗುಂಪು ಸೇರಿದರು. ಹಡಗಿನ ಮೈಗೆ ಇಳಿಬಿಟ್ಟ ಹಲಗೆಯ ಮೇಲೆ ಕೂತು ದಿನವಿಡೀ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಕೆಲಸ. ಊಟಕ್ಕೆ ಮುಂಚೆ ಕೈ ತೊಳೆಯಲು ನೀರು ಕೇಳಿದರೆ ಮೇಸ್ತ್ರಿಯ ಉತ್ತರ: "ನೀರಿರೋದು ಹಡಗು ತೊಳೆಯೋಕೆ. ನೀವೇನು ಮದುವೆ ಮನೇಲಿ ಕೂತಿದೀರಾ?"

"ಊಟಕ್ಕೆ ತಂದ ಓಮುಕ್ ಕೈಲಿ ಹಿಡಿದ್ರೆ ತುಕ್ಕೂ ಹೊಟ್ಟೆಗೆ ಹೋಗೋದು," ಎನ್ನುತ್ತಾರೆ ಬುನ್‌ರ್ಯೆ. " ಅದಕ್ಕೇ ಮುರಿದ ಮೀನಬುಟ್ಟಿ ಸೀಳಿ, ಕಡ್ಡಿ ಮಾಡಿ ಚುಚ್ಕೊಂಡ್ವಿ. ನಾನೊಬ್ಳೇ ಅಲ್ಲ, ಹಲಗೆ ಮೇಲಿದ್ದೋರೆಲ್ಲ."

ಈಗ ಊರೂರಲ್ಲಿ ಕಡ್ಡಿ ಓಮುಕ್ ಮಾರುವ ಕಂಪನಿಯೊಂದು ಇದೇ ಗೇಟಿನ ಪಕ್ಕ ಸ್ಮಾರಕ ಕಟ್ಟುತ್ತಿದೆ. ಕಂಚಿನ ದೊಡ್ಡ ಕಡ್ಡಿ, ಅದರಡಿ ಸ್ಥಾಪಕನ ಮುಖ, 'ಗ್ರಾಹಕರ ಅನುಕೂಲಕ್ಕಾಗಿ ಹೊಳೆದ ಉಪಾಯ' ಎಂಬ ಬರಹ. ಹೊಳೆಯಿತಂತೆ! ದುಡಿಯುವ ಹೆಂಗಸರಿಗೆ ಒಂದು ನಲ್ಲಿ ಕೊಡದ ನೀಚತನಕ್ಕೆ ಕಂಚು ಹೊದಿಸಿ ಅದನ್ನು ಬುದ್ಧಿವಂತಿಕೆಯೆಂದು ಮಾರುವವರಿಗೆ ನಾಚಿಕೆ ಬೇಡವೇ? ಇಂದು ಅಂಗಳದಲ್ಲಿ ತುಕ್ಕು ಕೆರೆಯುವವರು ವಿಯೆಟ್ನಾಮಿನ ಹೆಂಗಸರು. ಅವರಿಗೂ ನಲ್ಲಿಯಿಲ್ಲ. ಈ ಗಾಡಿಯ ಕಡ್ಡಿಯೇ ಗತಿ.

ಕಳೆದ ವಾರ ಕಂಪನಿಯವನೊಬ್ಬ ಬಿಳಿ ಕೈಗವಸು ತಂದು, ಬುನ್‌ರ್ಯೆಯ ಕಿವಿಗೆ ಬಾಯಿಟ್ಟು ಕೂಗಿದ: "ಅಜ್ಜೀ, ಉದ್ಘಾಟನೆ ದಿನ ಇದನ್ನ ಹಾಕ್ಕೊಂಡು ಫೋಟೊಗೆ ನಿಲ್ಲಿ. ಉಗುರು ಕಪ್ಪು ಕಾಣ್ಬಾರ್ದು. ಇಲ್ಲಾಂದ್ರೆ ಗಾಡಿ ಇಲ್ಲಿಂದ ಎತ್ಬೇಕಾಗತ್ತೆ."

ಆ ಗವಸು ಈಗ ತುಕ್ಕು ಕೆರೆಯುವ ವಿಯೆಟ್ನಾಮಿನ ಹೆಂಗಸರಲ್ಲೊಬ್ಬಳಾದ ಥೋವಾಳ ಕೈಯಲ್ಲಿದೆ. ಆಗಲೇ ಕಪ್ಪಾಗಿದೆ.

"ಎತ್ತಿದ್ರೆ ಎತ್ಲಿ," ಎನ್ನುತ್ತಾರೆ ಬುನ್‌ರ್ಯೆ, ಕಡ್ಡಿ ಚುಚ್ಚುತ್ತಲೇ. "ನಿಂತ್ರೆ ಬರೀ ಕೈಲೇ ನಿಲ್ಲೋದು. ಫಲಕದಲ್ಲಿ ನನ್ನ ಹೆಸ್ರೂ ಬೇಡ. ಆ ಕಂಚಿನ ಕಡ್ಡಿ ಬುಡದಲ್ಲಿ ಒಂದು ನಲ್ಲಿ ಹಾಕ್ಸೋಕೆ ಹೇಳಿ. ಬಿಸಿನೀರಿಂದು. ತಣ್ಣೀರಿಗೆ ತುಕ್ಕು ಬಿಡಲ್ಲ."